ಸುಮ್ಮನೆ ಮುಟ್ಟಬಾರದ ಮುಚ್ಚಳ

ಕಲ್ಲುಕ್ವಾರಿ ಬೇಡವೆಂದು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿ, ಉತ್ತು ಬಿತ್ತಿ ಬದುಕುತ್ತಿದ್ದ ಹೋರಾಟಗಾರರಿಗೆ ಅಡುಗೆಯ ಅಕ್ಕನೇ ಕಾವಲು. ಒಲೆ ಪಕ್ಕದ ಕಿಟಕಿಯಿಂದ ರಸ್ತೆಯ ತಿರುವು ಕಾಣುತ್ತದಲ್ಲ, ಅದಕ್ಕೆ. ಕಂಪನಿಯ ಯಂತ್ರ ಕಂಡರೆ ಅವಳು ದೊಡ್ಡ ತಪ್ಪಲೆಯ ಮುಚ್ಚಳ ಬಡಿಯಬೇಕು. ಹೊಲದಲ್ಲಿರುವವರೆಲ್ಲ ಓಡಿಬಂದು ದಾರಿಗೆ ಅಡ್ಡ ಕೂರಬೇಕು. ಸುಮ್ಮಸುಮ್ಮನೆ ಆ ಮುಚ್ಚಳವನ್ನು ಯಾರೂ ಬಡಿಯುವಂತಿಲ್ಲ.

ಸಾಕ್ಷ್ಯಚಿತ್ರ ತೆಗೆಯಲು ಬಂದ ಹುಡುಗಿ ಮೊದಲ ದಿನ, "ನಾವು ಇಲ್ಲಿ ಇಲ್ವೇ ಇಲ್ಲ ಅಂದ್ಕೊಳ್ಳಿ ಅಕ್ಕಾ, ನಿಮ್ ಪಾಡಿಗೆ ನೀವಿರಿ" ಎಂದಿದ್ದಳು. ನಿನ್ನೆ ಅದೇ ಬಾಯಲ್ಲಿ, "ಒಂದ್ಸಲ ಬಡೀರಿ ಅಕ್ಕಾ, ಎಲ್ರೂ ಓಡಿಬರೋದು ಬೇಕು" ಎಂದಳು. ಇಲ್ಲವೆನ್ನಲಾರದೆ ಅಕ್ಕ ಬಡಿದಳು. ಜನ ಎದ್ದೆನೋ ಬಿದ್ದೆನೋ ಎಂದು ಓಡಿಬಂದು, ಕ್ಯಾಮೆರಾ ಕಂಡು ನಕ್ಕರು. ಬೆಳಕು ಸಾಲದೆಂದು ಹುಡುಗಿ ಇನ್ನೊಮ್ಮೆ ಮುಚ್ಚಳ ಬಡಿಯಲು ಹೇಳಿದಳು. ಆಗ ಜನ ನಡೆದುಕೊಂಡೇ ಬಂದರು.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎಂದು ಅಮ್ಮ ಹೇಳುತ್ತಿದ್ದುದು ಅಕ್ಕನಿಗೆ ಆಮೇಲೆ ನೆನಪಾಯಿತು.

ಇವತ್ತು ಬೆಳಿಗ್ಗೆಯಿಂದ ಅವಳ ಕಣ್ಣು ತಿರುವಿನ ಮೇಲೇ. ಬೇಳೆ ತಳ ಹಿಡಿದದ್ದೂ ತಿಳಿಯಲಿಲ್ಲ. ಅಷ್ಟರಲ್ಲಿ ಧೂಳೆದ್ದಿತು, ಧೂಳಿನೊಳಗೆ ಹಳದಿ ಯಂತ್ರ. ಮುಚ್ಚಳ ಹಿಡಿದು ಹೊರಗೋಡಿ ಬಡಿದಳು, ರಟ್ಟೆ ಬಿದ್ದುಹೋಗುವಂತೆ ಬಡಿದಳು.

ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ಅಕ್ಕನ ನಾದಿನಿ ತಲೆಯೆತ್ತಿದಳು. ಕ್ಯಾಮೆರಾ ಎಲ್ಲಿದೆ ಎಂದು ಅತ್ತಿತ್ತ ನೋಡಿ, ಕೂದಲು ಸರಿಮಾಡಿಕೊಂಡು ಕೂಗಿದಳು: "ತಡೀರಿ ಅತ್ತಿಗೇ, ಈ ಸಾಲು ಮುಗಿಸ್ಕೊಂಡು ಬರ್ತೀವಿ!"