ಪುಷ್ಪಾಳ ಟಿಫಿನ್ ಡಬ್ಬಿಯಲ್ಲಿದ್ದದ್ದು

ಪುಷ್ಪಾ, ಅಂದು ನೀನು ಹೇಳಿದ್ದೇ ಸರಿ — ಅದು ನನಗೆ ಮರುದಿನವೇ ಗೊತ್ತಾಗಿತ್ತು. ನಿನಗೆ ಹೇಳಲಿಲ್ಲ.

ಆಗ ನೀನು ಪಿಯುಸಿ ಮೊದಲ ವರ್ಷ, ಪೆರಾಬೆಯಿಂದ ಬಸ್ಸಿನಲ್ಲಿ ನಮ್ಮ ಕಾಲೇಜಿಗೆ ಬರುತ್ತಿದ್ದವಳು. ನಾನು ನಿಮಗೆಲ್ಲ ಸಸ್ಯ, ಪ್ರಾಣಿ, ಶಿಲೀಂಧ್ರ ಯಾವುದಕ್ಕೂ ಸೇರದ ಪ್ರೊಟಿಸ್ಟ್‌ಗಳ ಗುಂಪುಗಳನ್ನು ಬರೆಸುತ್ತಿದ್ದೆ: ಗಾಜಿನಂಥ ಕವಚದ ಡಯಾಟಮ್, ಬೆಳಕಿದ್ದರೆ ಸಸ್ಯದಂತೆ, ಇಲ್ಲದಿದ್ದರೆ ಪ್ರಾಣಿಯಂತೆ ಬದುಕುವ ಯೂಗ್ಲಿನಾ, ಬೇಟೆಯಾಡುವ ಅಮೀಬಾ. ಲೋಳೆ ಬೂಷ್ಟು ಎಂಬ ಗುಂಪನ್ನು ಮಾತ್ರ ಬಿಟ್ಟಿದ್ದೆ — ಪರೀಕ್ಷೆಗೆ ಬರುವುದಿಲ್ಲವೆಂದು. ನಾನೂ ಅದನ್ನು ಕಣ್ಣಾರೆ ಕಂಡವನಲ್ಲ.

ಮುಂದಿನ ವಾರ ನೀನು ಟಿಫಿನ್ ಡಬ್ಬಿಯಲ್ಲಿ ಕೊಳೆತ ರಬ್ಬರ್ ಮರದ ತುಂಡೊಂದನ್ನು ತಂದಿದ್ದೆ. ಅದರ ಮೇಲೆ ಅರಸಿನ ಬಣ್ಣದ, ಬಲೆಯಂಥ ಲೋಳೆ.

"ಸರ್, ಇದು ಯಾವ ಗುಂಪು? ನಿನ್ನೆ ಈ ಬದಿಯಲ್ಲಿ ಇತ್ತು, ಇವತ್ತು ಆಚೆ ಹೋಗಿ ಉಂಟು."

"ಬೂಷ್ಟು ನಡೀತದಾ ಮಾರಾಯ್ತಿ? ಅದಕ್ಕೆಂತ, ಬಸ್ ಪಾಸ್ ಉಂಟಾ?"

ಇಡೀ ಕ್ಲಾಸು ನಕ್ಕಿತು. ನೀನೂ ನಕ್ಕೆ — ಇನ್ನೇನು ಮಾಡುತ್ತಿದ್ದೆ?

ತುಂಡನ್ನು ನಾನು ಲ್ಯಾಬಿನ ಸಿಂಕಿಗೆ ಬಿಸಾಡಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಲೋಳೆ ಮರದಿಂದಿಳಿದು ಸಿಂಕಿನ ಅಂಚಿನವರೆಗೆ ಹತ್ತಿತ್ತು. ಪುಸ್ತಕ ತೆಗೆದೆ. ಶಿಲೀಂಧ್ರವಲ್ಲ, ಪ್ರೊಟಿಸ್ಟ್. ತೇವವಿದ್ದರೆ ಹರಿದಾಡಿ ಆಹಾರ ಹುಡುಕುತ್ತದೆ, ಒಣಗಿದರೆ ಬೀಜಕಗಳಾಗಿ ಕಾಯುತ್ತದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು. ಪುತ್ತೂರಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನು ಒಯ್ದೆ — ವಿವರಿಸಲು ಇಂಗ್ಲಿಷ್ ಚೆನ್ನಾಗಿ ಬರುವ ಸೀನಿಯರ್ ಹುಡುಗಿಯೊಬ್ಬಳನ್ನು ನಿಲ್ಲಿಸಿದೆ. ಬಹುಮಾನ ಬಂತು. ಎಲ್ಲಿ ಸಿಕ್ಕಿತೆಂದು ಕೇಳಿದವರಿಗೆ, ನಾನೇ ಹುಡುಕಿದೆ ಎಂದೆ.

ಆಮೇಲೆ ನೀನು ಕ್ಲಾಸಿನಲ್ಲಿ ಪ್ರಶ್ನೆ ಕೇಳಲಿಲ್ಲ. ಡಿಗ್ರಿಗೆ ಬಿ.ಎ. ಸೇರಿದೆಯಂತೆ. ಅದು ನನ್ನಿಂದಲೇ ಎಂದು ಹೇಳಲಾರೆ; ಅಲ್ಲವೆನ್ನುವ ಧೈರ್ಯವೂ...

ಮೊನ್ನೆ ಜಾಲ್ಸೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ನೀನು ನಿನ್ನ ಬಟ್ಟೆ ಅಂಗಡಿಯಿಂದ ಕೂಗಿ ಕರೆದೆ. ಹೈಸ್ಕೂಲಿಗೆ ಹೋಗುವ ಮಗಳಿಗೆ ಪರಿಚಯ ಮಾಡಿಸಿದೆ: "ಬೂಷ್ಟು ನಡೀತದೆ ಅಂತ ಹೇಳಿ ನಾನು ಮಂಗ ಆದದ್ದು ಇವರ ಕ್ಲಾಸಲ್ಲೇ!"

ಮಗಳು ನಕ್ಕಳು. ನಾನೂ ನಕ್ಕೆ. ಬಸ್ಸು ಬಂತು, ಹತ್ತಿದೆ.

ಹಳೆಯದಕ್ಕೆ ಆಗಿನ ಸಣ್ಣ ವಯಸ್ಸಿನ ನೆಪವಾದರೂ ಹೇಳಬಹುದಿತ್ತೇನೋ. ಮೊನ್ನೆಯ ನಗುವಿಗೆ ಯಾವ ನೆಪವೂ ಇಲ್ಲ. ಭಾನುವಾರ ಜಾಲ್ಸೂರಿಗೆ ಬರುತ್ತೇನೆ, ಮಗಳು ಅಂಗಡಿಯಲ್ಲಿರುವ ಹೊತ್ತಿಗೇ. ಅವಳ ಎದುರೇ ಹೇಳಬೇಕು — ಆ ಬೂಷ್ಟು ನಡೆದಿತ್ತು, ಪುಷ್ಪಾ.