ಕಲಾಯಿ ಹಾಕದ ತಪ್ಪಲೆ

ನನ್ನ ಅತ್ತೆಯವರಿಗೆ ಕೊಳೆ ಕಂಡರೆ ಆಗುತ್ತಿರಲಿಲ್ಲ. ಶಿರಸಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಬಾವಿಕಟ್ಟೆಯ ಪಕ್ಕ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಕೂತರೆ ಪಾತ್ರೆಯಲ್ಲಿ ತಮ್ಮ ಮುಖ ಕಾಣುವವರೆಗೆ ಏಳುತ್ತಿರಲಿಲ್ಲ. ಕಂಡ ಮುಖವೂ ಅವರಿಗೆ ಅಷ್ಟೇನೂ ಮೆಚ್ಚಿಗೆಯಾಗುತ್ತಿರಲಿಲ್ಲ, ಅದು ಬೇರೆ ಮಾತು. ನಾನು ತಿಕ್ಕಿದ ಪಾತ್ರೆಯನ್ನಂತೂ ಮತ್ತೆ ತಿಕ್ಕದೆ ಒಳಗೆ ತರುತ್ತಿರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ೧೯೫೬ರಲ್ಲಿ. ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಮರುವರ್ಷ ಗಂಡು ಮಗುವಾಯಿತು. ಬಾಣಂತಿ ಜ್ವರ ಬಂದು ನನಗೆ ಹಾಲು ಬತ್ತಿಹೋಯಿತು. ಅವನಿಗೆ ಮೊದಲಿನಿಂದಲೂ ಆಕಳ ಹಾಲೇ.

ಹಾಲು ಕಾಯಿಸುವುದಕ್ಕೆ ಒಂದು ತಾಮ್ರದ ತಪ್ಪಲೆ ಇತ್ತು. ಅತ್ತೆಯವರು ಬಿಳಗಿಯ ತವರಿನಿಂದ ತಂದದ್ದು. ಬೆಳಿಗ್ಗೆ ಕಾಯಿಸಿದ ಹಾಲು ಸಂಜೆಯವರೆಗೆ ಅದರಲ್ಲೇ ಇರುತ್ತಿತ್ತು, ಮಗುವಿಗೆ ಬೇಕಾದಾಗಲೆಲ್ಲ ಅದರಿಂದಲೇ ಒಳಲೆಗೆ ಬಗ್ಗಿಸಿ ಕುಡಿಸುವುದು. ಪಾತ್ರೆಯ ಒಳಮೈಗೆ ತವರ ಬಳಿದುಕೊಡುವ ಕಲಾಯಿಯವನು ಬೀದಿಗೆ ಬಂದಾಗ ಅತ್ತೆ ಸಾರಿನ ಪಾತ್ರೆ, ಹುಳಿಯ ಪಾತ್ರೆ ಎಲ್ಲವನ್ನೂ ಹೊರಗೆ ಹಾಕುತ್ತಿದ್ದರು. ಇದೊಂದನ್ನು ಮಾತ್ರ ಕೊಡುತ್ತಿರಲಿಲ್ಲ.

“ಕಲಾಯಿ ಹಾಕಿರೆ ತಾಮ್ರದ ಗುಣ ಎಲ್ಲಿಂದ ಬರ್ತು?” ಎನ್ನುತ್ತಿದ್ದರು. “ಮಾಣಿಗೆ ಮೈ ಹಿಡಿಯವು ಹೇಳಾದ್ರೆ ತಾಮ್ರನೇ ಆಗವು.”

ಕಿಲುಬು ವಿಷ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ತಪ್ಪಲೆಯ ಕಂಠದ ಮಡಿಕೆಯಲ್ಲಿ ಸಾಸಿವೆಯಷ್ಟು ಹಸಿರು ಕಂಡರೂ ಅದರಲ್ಲಿದ್ದ ಹಾಲನ್ನು ಚೆಲ್ಲಿಬಿಡುತ್ತಿದ್ದರು. ಆಮೇಲೆ ತಿಕ್ಕುವುದು. ಹೊಳೆಯುವ ತಾಮ್ರ ಒಳ್ಳೆಯದು, ಹಸಿರಾದ ತಾಮ್ರ ಕೆಟ್ಟದ್ದು. ನಮ್ಮೆಲ್ಲರ ತಿಳಿವಳಿಕೆಯೂ ಅಷ್ಟೇ ಆಗಿತ್ತು, ವಿಜ್ಞಾನದ ಮಾಸ್ತರರದ್ದೂ ಸೇರಿ.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮುಖ ಬಿಳಿಚಿಕೊಂಡಿತು. ರಕ್ತ ಕಡಿಮೆ ಎಂದು ಗಂಡ ಹುಬ್ಬಳ್ಳಿಗೆ ಹೋದಾಗ ಒಂದು ಪುಡಿಯ ಡಬ್ಬಿ ತಂದರು. ಕಬ್ಬಿಣ, ತಾಮ್ರ ಎರಡೂ ಇರುವ ಟಾನಿಕ್ ಪುಡಿ, ಹಾಲಿನಲ್ಲಿ ಕದಡಿ ಕೊಡುವುದು. ರಕ್ತ ಆಗಬೇಕಾದರೆ ಕಬ್ಬಿಣದ ಜೊತೆ ಒಂದಿಷ್ಟು ತಾಮ್ರವೂ ಬೇಕು, ಪುಸ್ತಕದಲ್ಲಿದೆ ಎಂದರು. ಪುಸ್ತಕದಲ್ಲಿ ಇದ್ದದ್ದು ನಿಜವೇ. ಡಬ್ಬಿಯ ಮೇಲಿನ ಅಕ್ಷರ ಓದಿ ತಾಮ್ರದ ಕಾರ್ಬೊನೇಟು ಎಂದರೆ ಏನೆಂದು ತಾಯಿಗೆ ಪಾಠವನ್ನೂ ಮಾಡಿದರು.

“ಆಯಿ, ನೀನು ತಿಕ್ಕಿ ಚೆಲ್ತ್ಯಲೆ, ಆ ಹಸಿರು ಕಿಲುಬಿನ ಜಾತಿದೇ ಇದು. ತೂಕ ಮಾಡಿ, ಚೂರೇ ಚೂರು ಹಾಕ್ತ.”

“ಹಂಗಾರೆ ಇಷ್ಟು ವರ್ಷ ಆನು ಔಷಧಿ ತಿಕ್ಕಿ ಚೆಲ್ಲಿದ್ನನೋ?” ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ಅಪರೂಪ.

ಆಮೇಲೆ ಹೊಟ್ಟೆ ಉಬ್ಬತೊಡಗಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಹಲಗೆಯ ಅಂಚು ಸಿಕ್ಕಿದ ಹಾಗೆ ಗಟ್ಟಿ. ಮಗು ದಿನವಿಡೀ ಕಿರಿಕಿರಿ ಮಾಡುತ್ತಿತ್ತು, ಅನ್ನ ಮುಟ್ಟುತ್ತಿರಲಿಲ್ಲ, ಹಾಲೊಂದೇ. ಕಣ್ಣು ಅರಿಸಿನವಾಯಿತು. ಡಾಕ್ಟರರು ಲಿವರ್ ಎಂದರು. ಯಲ್ಲಾಪುರದಾಚೆ, ಮಾಗೋಡಿನ ಕಡೆಯ ಪಂಡಿತರೊಬ್ಬರು ಕಾಮಾಲೆಗೆ ಬೇರು ಕೊಟ್ಟರು. ಪಥ್ಯ ಏನು ಎಂದು ಕೇಳಿದರೆ ಹಾಲು ಮಾತ್ರ ಕೊಡಿ ಎಂದರು. ನಾವು ಹಾಲು ಮಾತ್ರ ಕೊಟ್ಟೆವು.

ಎರಡು ವರ್ಷ ತುಂಬುವ ಮೊದಲೇ ಹೋದ. ಅಷ್ಟು ಚಿಕ್ಕ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹುಗಿಯುತ್ತಾರೆ. ಗಂಡಸರು ಎತ್ತಿಕೊಂಡು ಹೋದರು, ಬಂದರು, ಸ್ನಾನ ಮಾಡಿದರು. ನನಗೆ ಏನೂ ಆಗಲಿಲ್ಲ. ಅಳು ಬರಲಿಲ್ಲ. ಮರುದಿನ ಸಾರು ಮಾಡಿದೆ, ಉಪ್ಪು ಹೆಚ್ಚೂ ಆಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಅತ್ತೆ ಬಾವಿಕಟ್ಟೆಯಲ್ಲಿ ಕೂತು ತಪ್ಪಲೆ ತಿಕ್ಕಿದರು. ಅವರು ಅಳುತ್ತಾ ತಿಕ್ಕುತ್ತಿದ್ದರು. ನನಗೆ ಅವರ ಅಳು ಕೇಳುತ್ತಿತ್ತು, ಅಷ್ಟೇ. ಪಕ್ಕದ ಮನೆಯ ರೇಡಿಯೊ ಕೇಳುವುದಿಲ್ಲವೇ, ಹಾಗೆ.

ಮತ್ತೆ ಬಸುರಿಯಾದಾಗ ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ. ಅತ್ತೆಯ ಅಕ್ಕ ಮನ್ಮನೆ ಎಂಬ ಹಳ್ಳಿಯಲ್ಲಿದ್ದರು, ಅವರ ಮನೆಯಲ್ಲೂ ಎರಡು ಕೂಸುಗಳು ಇದೇ ರೀತಿ ಹೊಟ್ಟೆ ಉಬ್ಬಿ ಹೋಗಿದ್ದವು. ಹೆಣ್ಣು ಮಗು ಹುಟ್ಟಿದ ಸುದ್ದಿ ಕೇಳಿ ಅವರು ಬಂದು ಜಗುಲಿಯ ಮೇಲೆ ಕೂತು ತೀರ್ಪು ಕೊಟ್ಟರು: “ಇದನ್ನ ಮಾರಿಬಿಡಿ.”

ಮಗು ಉಳಿಯದ ಮನೆಯವರು ಮುಂದಿನ ಮಗುವನ್ನು ಬೇರೆಯವರಿಗೆ ಮಾರುವ ಪದ್ಧತಿ ಆಗ ಇತ್ತು. ಮಾರುವುದೆಂದರೆ ಒಂದು ಸೇರು ತೌಡಿಗೆ. ಮಗು ನಮ್ಮದಲ್ಲ ಎಂದು ಸಾವಿಗೆ ತೋರಿಸುವುದು. ಹೆಚ್ಚಿನವರು ಶಾಸ್ತ್ರಕ್ಕೆ ಮಾರಿ, ಸಂಜೆಗೆ ಮನೆಗೆ ತಂದು ಎಂದಿನಂತೆ ಸಾಕಿಕೊಳ್ಳುತ್ತಿದ್ದರು. ಮನ್ಮನೆಯ ದೊಡ್ಡತ್ತೆ ಹಾಗೆ ಬಿಡುವವರಲ್ಲ. ಮೂರು ವರ್ಷ ತುಂಬುವವರೆಗೆ ನಮ್ಮ ಒಲೆಯ ಮೇಲೆ ಕಾದದ್ದು, ನಮ್ಮ ಪಾತ್ರೆಯಲ್ಲಿ ಇದ್ದದ್ದು ಒಂದು ತೊಟ್ಟೂ ಅದರ ಬಾಯಿಗೆ ಹೋಗಕೂಡದು ಎಂದರು. ಆ ಸಲವೂ ನನ್ನ ಎದೆಯಲ್ಲಿ ಹಾಲಿರಲಿಲ್ಲ.

ಕೊಂಡುಕೊಂಡವರು ಪಕ್ಕದ ಮನೆಯವರು, ನಾನು ಅಕ್ಕ ಎಂದು ಕರೆಯುತ್ತಿದ್ದೆ. ಬನವಾಸಿ ಕಡೆಯ ಶಿವಭಕ್ತರು, ಗಂಡನದು ಪೇಟೆಯಲ್ಲಿ ಕಾಳಿನ ಅಂಗಡಿ. ಬಾಗಿಲಲ್ಲಿ ತೌಡು ಸುರಿದು, ಸೆರಗು ಒಡ್ಡಿ, “ಕೊಡ್ರಿ ಇಲ್ಲೆ. ಇನ್ನ ಇದು ನಮ್ಮ ಕೂಸು. ನೀವು ಹಿಂದ ತಿರುಗಿ ನೋಡಬ್ಯಾಡ್ರಿ” ಎಂದರು. ಬೇರೆ ಜಾತಿಯವರ ಮನೆಯ ನೀರೂ ಮುಟ್ಟದ ನನ್ನ ಅತ್ತೆ ತಾವೇ ಮೊಮ್ಮಗಳನ್ನು ಆ ಸೆರಗಿಗೆ ಹಾಕಿದರು. ಅವರನ್ನು ನಾನು ಎಷ್ಟೇ ಆಡಿಕೊಂಡಿದ್ದರೂ ಆ ಹೊತ್ತು ಅವರ ಮೇಲೆ ಮರುಕ ಬಂತು.

ಅಕ್ಕನ ಮನೆಯಲ್ಲಿ ಹಾಲಿಗೆ ಮಣ್ಣಿನ ಗಡಿಗೆ. ಕುಳ್ಳಿನ ಸಣ್ಣ ಬೆಂಕಿಯ ಮೇಲೆ ದಿನವಿಡೀ ಇರುತ್ತಿತ್ತು, ಕೆನೆ ಕೆಂಪಗಾಗುತ್ತಿತ್ತು. ಹೊರಗಿನಿಂದ ಮಸಿ ಮೆತ್ತಿ ಕರ್ರಗೆ. ಅತ್ತೆ ಬೇಲಿಯಾಚೆಯಿಂದ ಅದನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆ ಗಡಿಗೆಯನ್ನು ಒಮ್ಮೆ ತಮ್ಮ ಕೈಗೆ ಕೊಟ್ಟಿದ್ದರೆ ಎನ್ನುವ ಸಂಕಟ ಅವರದು.

ಮಗು ರಾತ್ರಿ ನನ್ನ ಪಕ್ಕ ಮಲಗುತ್ತಿತ್ತು, ಹಸಿವಾದರೆ ಬೇಲಿ ದಾಟಿಸುತ್ತಿದ್ದೆ. ಮಾರಿದ ಮಗು, ಆಸೆ ಇಡಬಾರದು ಎಂದಿದ್ದರು. ನನಗೆ ಅದು ಕಷ್ಟವೇ ಆಗಲಿಲ್ಲ. ಆದರೂ ಸ್ನಾನ ಮಾಡಿಸುವಾಗ ನನ್ನ ಬೆರಳು ತಾನಾಗಿಯೇ ಅದರ ಬಲ ಪಕ್ಕೆಯ ಕೆಳಗೆ ಹೋಗುತ್ತಿತ್ತು. ಒತ್ತುವುದು, ಹಲಗೆಯ ಅಂಚು ಹುಡುಕುವುದು. ಮೆತ್ತಗೆ ಇರುತ್ತಿತ್ತು. ನಾಳೆ ಇರಲಿಕ್ಕಿಲ್ಲ ಎಂದುಕೊಂಡು ಟವೆಲು ಸುತ್ತುತ್ತಿದ್ದೆ. ವರ್ಷ ತುಂಬಿತು, ಎರಡು ತುಂಬಿತು, ಮೆತ್ತಗೇ ಇತ್ತು. ಮೂರು ತುಂಬಿದ ದಿನ ಅಕ್ಕನಿಗೆ ಒಂದು ಸೇರು ತೌಡು ವಾಪಸು ಕೊಟ್ಟು ಮಗಳನ್ನು ತಂದೆವು. ಅವಳು ಮಾತ್ರ ಅಕ್ಕನನ್ನೇ ಅವ್ವ ಎನ್ನುತ್ತಿದ್ದಳು. ನಾನು ಆಯಿ. ಇವತ್ತಿಗೂ ಹಾಗೆಯೇ.

ಮಾರಿದ್ದಕ್ಕೇ ಉಳಿಯಿತು ಎಂದು ಅತ್ತೆ ಸಾಯುವವರೆಗೂ ಹೇಳಿದರು.

ಆಮೇಲೆ ಬಹಳ ವರ್ಷಕ್ಕೆ, ಮಗಳ ಮಗುವನ್ನು ತೋರಿಸಲು ಹೋದಾಗ ಮಕ್ಕಳ ಡಾಕ್ಟರರು ಮನೆಯಲ್ಲಿ ಚಿಕ್ಕ ಮಕ್ಕಳು ಯಾರಾದರೂ ಹೋದದ್ದುಂಟೇ ಎಂದು ಕೇಳಿದರು. ಹೇಳಿದೆ. ಬರೆಯುತ್ತಿದ್ದವರು ತಲೆಯೆತ್ತಿ, “ಹಾಲು ಯಾವ ಪಾತ್ರೆಯಲ್ಲಿ ಇಡ್ತಿದ್ರಿ?” ಎಂದರು. ತಾಮ್ರ ಮೈಗೆ ಬೇಕಂತೆ, ಆದರೆ ಚಿಟಿಕೆಯೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಬರಿಯ ತಾಮ್ರದಲ್ಲಿ ಗಂಟೆಗಟ್ಟಲೆ ಇಟ್ಟ ಹಾಲು ತಾಮ್ರವನ್ನು ಎಳೆದುಕೊಳ್ಳುತ್ತದಂತೆ. ಕೂಸಿನ ಲಿವರಿಗೆ ಅಷ್ಟನ್ನು ಹೊರಹಾಕಲು ಆಗುವುದಿಲ್ಲವಂತೆ, ಅಲ್ಲೇ ಕೂತುಬಿಡುತ್ತದಂತೆ. ಡಬ್ಬಿಯ ಪುಡಿಯ ಬಗ್ಗೆ ಕೇಳಿದೆ. ಅದು ಬಿಡಿ, ತಪ್ಪಲೆಯ ಮುಂದೆ ಅದೇನು ಮಹಾ ಎಂದರು. ಪಾತ್ರೆ ಫಳಫಳ ಹೊಳೆಯುತ್ತಿತ್ತು ಡಾಕ್ಟರೇ, ಒಂದು ಚೂರು ಹಸಿರಿರಲಿಲ್ಲ ಎಂದೆ. ಹೊಳೆದರೂ ಅಷ್ಟೇ ಎಂದರು.

ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಒಂದೇ ಯೋಚನೆ ಬರುತ್ತಿತ್ತು: ಅವರು ಸ್ವಲ್ಪ ಸೋಮಾರಿಯಾಗಿದ್ದರೆ ತಪ್ಪಲೆ ಹಸಿರಾಗುತ್ತಿತ್ತು, ಅವರೇ ಹಾಲು ಚೆಲ್ಲುತ್ತಿದ್ದರು.

ಅಕ್ಕ ಆಗ ಬನವಾಸಿಗೆ ವಾಪಸಾಗಿದ್ದರು. ಬಸ್ಸು ಹತ್ತಿ ಹೋಗಿ ಎಲ್ಲ ಹೇಳಿದೆ. ನಿಮ್ಮ ಗಡಿಗೆ ನನ್ನ ಮಗಳನ್ನು ಉಳಿಸಿತು ಎಂದೆ. ಆ ಗಡಿಗಿ ಎಂದೋ ಒಡದು ಹೋತು ಬಿಡ್ರಿ ಎಂದು ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು:

“ಹಂಗಾರ ಆ ಮೊದಲಿನ ಗಂಡು ಕೂಸನ್ನೂ ನನಗ ಮಾರಬಹುದಿತ್ತಲ್ರೀ?”

ಮೊದಲನೆಯ ಮಗುವನ್ನು ಯಾರೂ ಮಾರುವುದಿಲ್ಲ ಅಕ್ಕ, ಒಂದನ್ನು ಕಳೆದುಕೊಂಡವರಷ್ಟೇ ಮಾರುವುದು ಎಂದು ಹೇಳಬೇಕೆಂದಿದ್ದೆ. ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು.