ಹೆಂಗಸರ ರಕ್ತ ಸಿಹಿಯಂತೆ

ಮೊನ್ನೆ ಕಳಸದ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಒಳಗಿನಿಂದ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ಹೊರಗೆ, ಛತ್ರಿಗಳ ಪಕ್ಕದಲ್ಲಿ, ಮೊಣಕಾಲುದ್ದದ ಬಟ್ಟೆಯ ಚೀಲಗಳನ್ನು ಜೋಡಿ ಜೋಡಿಯಾಗಿ ನೇತುಹಾಕಿದ್ದರು. ಬೆಟ್ಟ ಹತ್ತಲು ಬರುವವರಿಗೆ ಇಂಬಳ ಕಚ್ಚದಿರಲೆಂದು ಮಾಡಿದ ಕಾಲುಚೀಲವಂತೆ. ಇಂಬಳ ಗೊತ್ತಲ್ಲ ನಿಮಗೆ? ಕೆರೆಯಲ್ಲಿರುವ ಜಿಗಣೆಯ ದಾಯಾದಿ ಅದು. ನಮ್ಮ ಕಡೆಯದಕ್ಕೆ ಕೆರೆ ಬೇಕಿಲ್ಲ. ಒದ್ದೆ ತರಗೆಲೆ ಇದ್ದರೆ ಸಾಕು, ದಾರದಷ್ಟು ಸಣ್ಣಗೆ ಎದ್ದು ನಿಂತು, ಬರುವವರ ದಾರಿ ಕಾಯುತ್ತದೆ. ನಾನು ಸುಮ್ಮನಿರಲಾರದೆ ಅಂಗಡಿಯವನನ್ನು ಕೇಳಿದೆ:

"ಇದ್ರಲ್ಲಿ ಗಂಡಸ್ರದ್ದು ಯಾವ್ದು, ಹೆಂಗಸ್ರದ್ದು ಯಾವ್ದು?"

"ಇಂಬಳಕ್ಕೆ ಗಂಡಸು ಹೆಂಗಸು ಅಂತ ಉಂಟಾ ಮಾರಾಯ್ರೇ? ಎಲ್ಲಾ ಒಂದೇ ಸೈಜು."

ನಾನು ಜೋರಾಗಿ ನಕ್ಕುಬಿಟ್ಟೆ. ವ್ಯಾಪಾರ ಆಗಬಹುದೆಂದು ಅವನೂ ನಕ್ಕ. ಪಾಪ, ಅವನು ಇಷ್ಟು ಸಲೀಸಾಗಿ ಹೇಳಿದ ಮಾತನ್ನು ಕಲಿಯಲು ನನಗೆ ಒಂದಿಡೀ ಮಳೆಗಾಲ ಹಿಡಿದಿತ್ತು.

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದಕ್ಕೆ ನನಗೇನೂ ನಾಚಿಕೆಯಿಲ್ಲ, ಶಾಲೆಗೂ ಇದ್ದಂತಿರಲಿಲ್ಲ. ಬಾಳೂರು ಕಡೆಯ ತೋಟಗಳಲ್ಲಿ ಮರಗಸಿ ಕೆಲಸಕ್ಕೆ ಸೇರಿಕೊಂಡೆ. ಕಾಫಿ ಗಿಡಕ್ಕೆ ನೆರಳು ಕೊಡುವ ಮರಗಳನ್ನು ಹತ್ತಿ, ಕೊಂಬೆ ಸವರಿ, ಬೇಕಾದಷ್ಟೇ ಬಿಸಿಲನ್ನು ಕೆಳಗೆ ಬಿಡುವ ಕೆಲಸ ಅದು. ನಾನು ಕಡಿದ ಕೊಂಬೆ ಬಿದ್ದು ಗಿಡ ಮುರಿಯಿತೆಂದು ಯಾವ ಮೇಸ್ತ್ರಿಯೂ ಒಂದು ದಿನವೂ ನನ್ನನ್ನು ಬೈದದ್ದಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಆ ಸುತ್ತಿನಲ್ಲಿ ನನ್ನಷ್ಟು ಚೊಕ್ಕವಾಗಿ ಮರ ಸವರುವವರು ಕಡಿಮೆ. ಮರ ಹತ್ತುವುದು ಗಂಡಸರು, ಕೆಳಗೆ ಬಿದ್ದ ಸೊಪ್ಪು ಸೌದೆ ಎಳೆದು ರಾಶಿ ಹಾಕುವುದು ಹೆಂಗಸರು. ಮರದ ಮೇಲಿರುವವನಿಗೆ ಒಂದು ಸೌಕರ್ಯವೆಂದರೆ, ಕೆಳಗಿರುವವರೆಲ್ಲ ಅವನಿಗೆ ಚಿಕ್ಕವರಾಗಿ ಕಾಣುತ್ತಾರೆ.

ನಮ್ಮ ಗುಂಪಿನ ಹಿರಿಯ ಸಿದ್ದಣ್ಣ. ಕೈಯಲ್ಲಿ ಕತ್ತಿ ಇದ್ದಾಗ ಮಾತಾಡುತ್ತಿರಲಿಲ್ಲ. ಕಾಫಿ ಲೋಟ ಬಂದರೆ ನಿಲ್ಲಿಸುತ್ತಿರಲಿಲ್ಲ. ಗಂಡಿಗೂ ಹೆಣ್ಣಿಗೂ ಇರುವ ವ್ಯತ್ಯಾಸಗಳೆಂದರೆ ಅವನಿಗೆ ಬಹಳ ಪ್ರೀತಿಯ ವಿಷಯ. "ಗಂಡಸಿನ ಸಿಟ್ಟು ಹುಲ್ಲಿಗೆ ಹತ್ತಿದ ಬೆಂಕಿ, ಹೆಂಗಸಿನ ಸಿಟ್ಟು ಹೊಟ್ಟಿಗೆ ಹತ್ತಿದ ಬೆಂಕಿ ಕಣೋ," ಎನ್ನುತ್ತಿದ್ದ. ಅವನ ಹೆಂಡತಿ ಅಲ್ಲೇ ಸೊಪ್ಪು ಎಳೆಯುತ್ತಾ, "ಹಚ್ಚೋರು ಯಾರು ಅಂತಲೂ ಹೇಳು," ಎನ್ನುತ್ತಿದ್ದಳು. ಅವನ ಬಹಳಷ್ಟು ಮಾತಿಗೆ ಹೀಗೆ ಎದುರು ಮಾತು ಇರುತ್ತಿತ್ತು. ಒಂದಕ್ಕೆ ಮಾತ್ರ ಇರಲಿಲ್ಲ: ಹೆಂಗಸರ ರಕ್ತ ಸಿಹಿ, ಗಂಡಸರ ರಕ್ತ ಖಾರ. ಅದಕ್ಕೇ ಇಂಬಳ ಹೆಂಗಸರನ್ನು ಹುಡುಕಿ ಹತ್ತುತ್ತದೆ. ಸಾಕ್ಷಿ ಬೇಕೆಂದರೆ ಸಂಜೆ ಕೆಲಸ ಬಿಟ್ಟಾಗ ಯಾರ ಕಾಲು ಬೇಕಾದರೂ ನೋಡಿಕೊಳ್ಳಬಹುದಿತ್ತು.

ತಮಾಷೆಯೆಂದರೆ ಹೆಂಗಸರಿಗೂ ಈ ಮಾತು ಒಪ್ಪಿಗೆಯಾಗಿತ್ತು. ನಮ್ಮವ್ವನ ಕಾಲು ಮಳೆಗಾಲ ಪೂರ್ತಿ ಕಪ್ಪು ಚುಕ್ಕೆಗಳಿಂದ ತುಂಬಿರುತ್ತಿತ್ತು. ಅಪ್ಪ ಬದುಕಿರುವ ತನಕ ಅಪ್ಪನ ಹಿಂದೆ ನಡೆದಳು, ಆಮೇಲೆ ನನ್ನ ಹಿಂದೆ. ಯಾರಾದರೂ ಅಯ್ಯೋ ಎಂದರೆ, "ನಮ್ಮನೆ ಗಂಡಸ್ರನ್ನ ಮೂಸಿ ಕೂಡ ನೋಡಲ್ಲ. ನಂದು ಸಿಹಿ ರಕ್ತ, ಏನ್ ಮಾಡೋದು?" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದಳು.

ನನಗೆ ಮದುವೆಯಾದದ್ದು ವೈಶಾಖದಲ್ಲಿ. ಹುಡುಗಿ ಗಿರಿಜ, ಕಡೂರು ಸೀಮೆಯವಳು. ಅವಳ ಊರಲ್ಲಿ ಮಳೆ ಬಂದರೆ ಹಬ್ಬ. ನಮ್ಮಲ್ಲಿ ಬಿಸಿಲು ಬಂದರೆ ಹಬ್ಬ. ನಮ್ಮ ಮನೆಯಿಂದ ಬಸ್ಸಿನ ರಸ್ತೆಗೆ ತೋಟ ದಾಟಿ, ಹಳ್ಳ ದಾಟಿ ಹೋಗಬೇಕು. ಒಬ್ಬರೇ ನಡೆಯುವಷ್ಟು ಕಾಲುದಾರಿ. ನಾನು ಮುಂದೆ, ಅವಳು ಹಿಂದೆ. ಹಾಗೆ ನಡೆಯಬೇಕೆಂದು ಯಾರೂ ಹೇಳಿರಲಿಲ್ಲ. ದಾರಿ ಒಬ್ಬರದಾದರೆ ಮುಂದೆ ಯಾರು ಎಂಬುದು ನಾವು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು.

ಮೊದಲ ಮಳೆ ಹಿಡಿದ ವಾರ ಹಿಂದಿನಿಂದ ಕಿರುಚಿದಳು.

"ಏನ್ರೀ! ಕಾಲಿಗೆ ಏನೋ ಅಂಟ್ಕೊಂಡಿದೆ!"

"ಇಂಬಳ. ಕಿತ್ತು ಬಿಸಾಕಿ ಬಾ."

"ನಿಮಗೆ ಹತ್ತಿಲ್ವಾ?"

"ನಮಗೆಲ್ಲ ಹತ್ತಲ್ಲ. ಗಂಡಸ್ರ ರಕ್ತ ಖಾರ."

ಅವಳು ಒಂಟಿ ಕಾಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಖಾರ ನಾಲಿಗೇಲಿದೆ ಅಂತ ಗೊತ್ತಿತ್ತು. ರಕ್ತದಲ್ಲೂ ಇದೆಯಾ?"

ನಗುವಂಥ ದಿನಗಳು ಬೇಗ ಮುಗಿದವು. ಕಚ್ಚಿದ ಜಾಗ ತುರಿಸಿ ಹುಣ್ಣಾಯಿತು. ರಾತ್ರಿ ನಿದ್ದೆ ಹೋಯಿತು, ಹಗಲು ಮಾತು ಹೋಯಿತು. "ಅಭ್ಯಾಸ ಆಗುತ್ತೆ ಮಗ," ಎಂದು ಅವ್ವ ಸುಣ್ಣ ಹಚ್ಚುತ್ತಿದ್ದಳು. "ಅಭ್ಯಾಸ ಆಗೋದು ನಂಗಾ ಅತ್ತೆ, ಇಂಬಳಕ್ಕಾ?" ಎಂದು ಗಿರಿಜ ಕೇಳಿದಳು. ಒಂದು ಸಂಜೆ ಒಲೆಯ ಮುಂದೆ ಕಾಲು ಚಾಚಿ ಕುಳಿತವಳು, ಬೆಂಕಿಯನ್ನೇ ನೋಡುತ್ತಾ ಹೇಳಿದಳು: "ಆಷಾಢಕ್ಕೆ ಊರಿಗೆ ಹೋಗ್ತೀನಲ್ಲ, ಆಮೇಲೆ ನಾನು ಈ ಕಡೆ ಬರಲ್ಲ. ಬೇಕಾದ್ರೆ ನೀವೇ ಅಲ್ಲಿಗೆ ಬನ್ನಿ."

"ಅಲ್ಲಿ ಏನ್ ಮಾಡ್ಲಿ? ಜಾಲಿ ಮರಕ್ಕೆ ಮರಗಸಿ ಮಾಡ್ಲಾ?"

ಅವಳು ನಗಲಿಲ್ಲ.

ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದು, ತವರಿಗೆ ಹೋಗಬೇಕು. ಹೊರಟ ದಿನ ಅವಳ ಪೆಟ್ಟಿಗೆಯನ್ನು ನಾನು ತಲೆಯ ಮೇಲೆ ಇಟ್ಟುಕೊಂಡೆ. ಬೇಲಿಯ ಬಳಿ ಗಿರಿಜ ಸೀರೆ ಎತ್ತಿ ಸಿಕ್ಕಿಸಿ, "ಇವತ್ತು ನಾನು ಮುಂದೆ," ಎಂದಳು.

"ದಾರಿ ತಪ್ಪುತ್ತೆ."

"ಊರಿಗೆ ಹೋಗೋ ದಾರಿ ನಂಗೆ ಚೆನ್ನಾಗೇ ಗೊತ್ತು."

ತಲೆಯ ಮೇಲೆ ಪೆಟ್ಟಿಗೆ ಹೊತ್ತು ಅವಳನ್ನು ದಾಟಿ ಹೋಗುವಂತೆಯೂ ಇರಲಿಲ್ಲ. ಹಿಂದೆಯೇ ನಡೆದೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಅವಳು ಪ್ರತಿ ತಿರುವಿನಲ್ಲೂ ತಿರುಗಿ ನೋಡುತ್ತಿದ್ದಳು. "ಬಂದ್ರಾ?" "ಇಲ್ಲಿ ಜಾರುತ್ತೆ." "ಕೊಂಬೆ ಇದೆ, ಬಗ್ಗಿ." ಮುನಿಸಿಕೊಂಡು ಹೊರಟವಳು! ನಾನು ಮುಂದೆ ನಡೆಯುವಾಗ ಒಂದು ದಿನವಾದರೂ ತಿರುಗಿದ್ದೆನೆ? ಹಿಂದೆ ಬಳೆಯ ಸದ್ದು ಕೇಳಿಸಿದರೆ ಬರುತ್ತಿದ್ದಾಳೆಂದು ಲೆಕ್ಕ. ಸದ್ದು ನಿಂತರೆ ಒಮ್ಮೆ ಕೆಮ್ಮುತ್ತಿದ್ದೆ, ಅಷ್ಟೆ. ನಮ್ಮಪ್ಪನೂ ಕೆಮ್ಮುತ್ತಿದ್ದ. ಗಂಡಸರಿಗೆ ಕತ್ತು ತಿರುಗಿಸುವುದಕ್ಕಿಂತ ಕೆಮ್ಮುವುದು ಸುಲಭ.

ರಸ್ತೆಗೆ ಬಂದು ಮೋರಿಯ ಕಟ್ಟೆಯ ಮೇಲೆ ಪೆಟ್ಟಿಗೆ ಇಳಿಸಿ ನೋಡಿಕೊಂಡರೆ ನನ್ನ ಎರಡೂ ಕಾಲಲ್ಲಿ ಇಂಬಳ! ಬೆರಳ ಸಂದಿಯಲ್ಲಿ, ಹಿಮ್ಮಡಿಯಲ್ಲಿ, ಮೊಣಕಾಲಿನ ಹಿಂದೆ. ಅವಳ ಕಾಲಲ್ಲಿ ಒಂದೂ ಇಲ್ಲ. ಗಿರಿಜ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಕಿತ್ತಳು.

"ಬೆಳಿಗ್ಗೆ ಸಿಹಿ ತಿಂದಿದ್ರಾ?"

ಬಸ್ಸು ಬಂತು. ಶ್ರಾವಣಕ್ಕೆ ಬರುತ್ತೀಯಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಬಂದ ಮಾತು: "ಪೆಟ್ಟಿಗೆ ಸೀಟಿನ ಕೆಳಗೆ ಇಡು."

"ಹೂಂ," ಎಂದಳು. ಬಸ್ಸು ಹೊರಟಿತು. ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ, ಅವಳು ಹೇಳಬೇಕಾದದ್ದನ್ನು ಹೇಳಲಿಲ್ಲ. ಪೆಟ್ಟಿಗೆ ಮಾತ್ರ ಸೀಟಿನ ಕೆಳಗೆ ಭದ್ರವಾಗಿ ಹೋಗಿರಬೇಕು.

ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಬೇಕೆಂದೇ ಸಿದ್ದಣ್ಣನ ಹಿಂದೆ ನಡೆದೆ. ನನಗೆ ಹತ್ತಿತು. ಬರುವಾಗ ಅವನನ್ನು ಹಿಂದೆ ಬಿಟ್ಟೆ. ಅವನಿಗೆ ಹತ್ತಿತು. "ನೋಡು ಸಿದ್ದಣ್ಣ," ಎಂದೆ, "ರಕ್ತ ಅಲ್ಲ, ಮುಂದೆ ಹೋದವನ ಹೆಜ್ಜೆಗೆ ಇಂಬಳಕ್ಕೆ ಎಚ್ಚರ ಆಗುತ್ತೆ. ಎದ್ದು ನಿಲ್ಲೋ ಹೊತ್ತಿಗೆ ಹಿಂದಿನೋರ ಕಾಲು ಸಿಗುತ್ತೆ."

"ಹೋಗ್ ಮಾರಾಯ," ಎಂದ ಸಿದ್ದಣ್ಣ, ತನ್ನ ಕಾಲಿಂದ ಇಂಬಳ ಕೀಳುತ್ತಲೇ. "ಮದುವೆ ಆದ್ಮೇಲೆ ನಿನ್ ರಕ್ತ ಹೆಣ್ ರಕ್ತ ಆಗಿದೆ. ನನಗೆ ವಯಸ್ಸಾಯ್ತು, ಖಾರ ಇಳಿದಿದೆ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಕ್ಕಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಹಂಗಾರೆ ನಂದು ಸಿಹಿ ರಕ್ತ ಅಲ್ವೇನೋ?"

"ಅಲ್ಲ ಕಣವ್ವ."

ಅವ್ವನ ಮುಖ ಸಣ್ಣದಾಯಿತು. ಇದ್ದ ಒಂದು ಒಡವೆಯನ್ನು ನಾನೇ ಕಿತ್ತುಕೊಂಡ ಹಾಗೆ. ಮೊರ ಮತ್ತೆ ಆಡಿಸುತ್ತಾ, "ನಿಮ್ಮಪ್ಪ ಹೋಗಿಯಾಯ್ತು. ಈಗ ನಾನು ಯಾರ ಹತ್ರ ಜಗಳ ಆಡ್ಲಿ?" ಎಂದಳು. ಮರುದಿನ ಬೆಳಿಗ್ಗೆ ಮಳೆಗೆಂದು ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಬೇಲಿ ದಾಟಿದವಳು, ತಿರುಗಿ, "ಹಿಂದೆ ಬಾ," ಎಂದಳು. ಆ ಆಷಾಢ ಮುಗಿಯುವ ತನಕ ನಾನು ಅವ್ವನ ಹಿಂದೆಯೇ ನಡೆದೆ.

ಆಷಾಢದ ಕೊನೆಗೆ ಭೀಮನ ಅಮಾವಾಸ್ಯೆ. ಹೆಂಡತಿಯಾದವಳು ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಹೊಸ ಅಳಿಯನನ್ನು ಕರೆಯಲೇಬೇಕು, ಕರೆದರು. ಹೋದೆ. ಮಾವ ಮಜ್ಜಿಗೆ ಕೊಟ್ಟು, ಗಂಟಲು ಸರಿಮಾಡಿಕೊಂಡು, "ಮಳೆ ನಿಲ್ಲೋ ತನಕ ಇಲ್ಲೇ ಇರ್ತೀನಿ, ಆಮೇಲೆ ನೋಡಾಣ ಅಂತಾಳೆ ಮಗಳು," ಎಂದರು. ಆಮೇಲೆ ನೋಡೋಣ ಎಂದರೆ ಏನೆಂದು ನನಗೆ ಗೊತ್ತಿತ್ತು. ಹೆಂಡತಿಯನ್ನು ಅಂಗಲಾಚಿ ಕರೆದುಕೊಂಡು ಹೋಗುವ ಜಾಯಮಾನ ನನ್ನದಲ್ಲ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

ಪೂಜೆಗೆ ಮಣೆ ಹಾಕಿದರು. ತಟ್ಟೆಯಲ್ಲಿ ಕಾಲಿಟ್ಟೆ. ಗಿರಿಜ ತಲೆ ತಗ್ಗಿಸಿ ನೀರು ಹಾಕಿದವಳು ಹಾಗೇ ನಿಂತುಬಿಟ್ಟಳು. ಪಾದದ ತುಂಬ ಕಪ್ಪು ಚುಕ್ಕೆ, ಕೆಲವು ಇನ್ನೂ ಹಸಿ.

"ಖಾರದ ರಕ್ತಕ್ಕೆ ಏನಾಯ್ತು?" ಎಂದಳು, ನನಗೆ ಮಾತ್ರ ಕೇಳುವಷ್ಟು.

"ಅವ್ವನ ಹಿಂದೆ ನಡೀತಿದ್ದೀನಿ."

"ಎಷ್ಟು ದಿನದಿಂದ?"

"ನೀನು ಬಸ್ಸು ಹತ್ತಿದಾಗಿಂದ." ಒಂದೆರಡು ದಿನ ಸೇರಿಸಿಯೇ ಹೇಳಿದೆ.

"ನಾನು ಬಂದ್ರೆ?"

"ನಿನ್ನ ಹಿಂದೆ."

"ಪೂಜೆ ಹೊತ್ತಲ್ಲಿ ಏನೇ ಅದು ಗುಸುಗುಸು? ಹೂ ಹಾಕು," ಎಂದು ಅತ್ತೆ ಗದರಿದರು. ಗಿರಿಜ ಹೂವಿಗೆ ಕೈ ಹಾಕಲಿಲ್ಲ. ಬಟ್ಟಲಿನ ಅರಿಸಿನವನ್ನೆಲ್ಲ ಬಳಿದು, ಕಚ್ಚಿದ ಒಂದೊಂದು ಜಾಗಕ್ಕೂ ಒತ್ತಿ ಒತ್ತಿ ಹಚ್ಚಿದಳು. ಉರಿಯಿತು. ಸಂಜೆ ಒಳಗಿನ ಕೋಣೆಯಲ್ಲಿ ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು.

ಮರುದಿನ ಹೊರಟಾಗ ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನಾನು ಪೆಟ್ಟಿಗೆ ಹೊತ್ತು ನಿಂತೇ ಇದ್ದೆ.

"ನಡೀರಿ," ಎಂದಳು.

"ನೀನು ಮುಂದೆ ನಡಿ."

"ಇಲ್ಲಿ ಇಂಬಳ ಇಲ್ಲ ಕಣ್ರೀ!"

"ಇರ್ಲಿ, ಅಭ್ಯಾಸ ಆಗ್ಲಿ."

ಕೆಂಪು ಮಣ್ಣಿನ ಒಣ ಬೀದಿಯಲ್ಲಿ, ಅವಳ ಊರಿನವರ ಎದುರಿಗೆ, ಅವಳು ಮುಂದೆ ಮುಂದೆ, ನಾನು ಪೆಟ್ಟಿಗೆ ಹೊತ್ತು ಹಿಂದೆ ಹಿಂದೆ. ಮಾವ ಜೊತೆಗೆ ಬರುತ್ತಾ, "ನಿಮ್ ಕಡೆ ಹಿಂಗೇನಪ್ಪ ಪದ್ಧತಿ?" ಎಂದು ಮೆಲ್ಲಗೆ ಕೇಳಿದರು. "ಈ ವರ್ಷದಿಂದ," ಎಂದೆ.

ಬಾಳೂರಿನ ತೋಟದ ತಿರುವಿನಲ್ಲಿ ಸಿದ್ದಣ್ಣ ಮರದ ಮೇಲಿದ್ದ. "ಏನ್ ಮಾರಾಯ, ಹೆಂಡ್ತಿ ದಾರಿ ತೋರಿಸ್ತಿದ್ದಾಳಾ?" ಎಂದು ಕೂಗಿದ. ಕೆಳಗಿದ್ದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ದಾಟಿ ಮುಂದೆ ಹೋಗಲು ಅಲ್ಲಿ ಜಾಗವೂ ಇತ್ತು. ಹೋಗಲಿಲ್ಲ. "ನಿನ್ ಹೆಂಡ್ತೀನೂ ಒಂದಿನ ಮುಂದೆ ಬಿಟ್ಟು ನೋಡು, ಆಮೇಲೆ ಮಾತಾಡು," ಎಂದೆ. ಸೊಪ್ಪು ಎಳೆಯುತ್ತಿದ್ದ ಅವನ ಹೆಂಡತಿ ಕೆಲಸ ನಿಲ್ಲಿಸಿ ಮರದ ಮೇಲಕ್ಕೆ ನೋಡಿದಳು. ಬಹಳ ಹೊತ್ತು ನೋಡಿದಳು.

ಅವ್ವ ಈಗಿಲ್ಲ, ಸಿದ್ದಣ್ಣನೂ ಇಲ್ಲ. ಕಾಲುದಾರಿಯೂ ಇಲ್ಲ, ಮನೆಯ ತನಕ ಸಿಮೆಂಟಿನ ರಸ್ತೆ ಬಂದಿದೆ, ಜೀಪು ಓಡಾಡುತ್ತದೆ. ಮೊನ್ನೆ ಗಿರಿಜಳೂ ನಾನೂ ಕಳಸದಿಂದ ಬಂದು ಬಸ್ಸಿಳಿದೆವು. ಅಷ್ಟು ಅಗಲದ ರಸ್ತೆಯಲ್ಲೂ ಅವಳು ಮುಂದೆ, ನಾನು ಹಿಂದೆ. ಇಷ್ಟು ವರ್ಷದ ರೂಢಿ. ಸ್ವಲ್ಪ ದೂರ ಹಾಗೆ ನಡೆದವನಿಗೆ, ಇಬ್ಬರಲ್ಲಿ ಒಬ್ಬರು ಯಾಕಾದರೂ ಹಿಂದೆ ಇರಬೇಕು ಎನ್ನಿಸಿತು. ಬಿರಬಿರನೆ ಹೋಗಿ ಅವಳ ಪಕ್ಕಕ್ಕೆ ಸೇರಿದೆ.

ಅವಳು ಗಾಬರಿಯಾಗಿ ನಿಂತಳು. "ಏನ್ರೀ, ಎದೆ ನೋವಾ?"

"ಇಲ್ಲ."

"ಮತ್ಯಾಕೆ ಪಕ್ಕಕ್ಕೆ ಬಂದ್ರಿ?"

"ಹಿಂಗೇ."

"ಹಿಂಗೇ ಅಂದ್ರೆ?" ಎಂದು ನನ್ನ ಮುಖ ನೋಡಿದಳು. ಕೈಚೀಲವನ್ನು ಆ ಕಡೆಯ ಕೈಗೆ ಬದಲಾಯಿಸಿಕೊಂಡು ನಡೆದಳು. ನಾವಿಬ್ಬರೂ ಹೀಗೆ ಹೆಗಲಿಗೆ ಹೆಗಲು ಕೊಟ್ಟು ನಡೆದವರಲ್ಲ. ಹೆಜ್ಜೆ ಹೊಂದಲಿಲ್ಲ, ಛತ್ರಿಗೆ ಛತ್ರಿ ತಗುಲಿತು. ಅಷ್ಟರಲ್ಲಿ ಹಿಂದಿನಿಂದ ಜೀಪೊಂದು ಹಾರನ್ ಹೊಡೆಯುತ್ತಾ ಬಂತು. ಅವಳು ಆ ಬದಿಗೆ ಸರಿದಳು, ನಾನು ಈ ಬದಿಗೆ.

ಜೀಪು ಹೋದ ಮೇಲೆ ಇಬ್ಬರೂ ಮತ್ತೆ ರಸ್ತೆಯ ನಡುವಿಗೆ ಬಂದೆವು.